ಬಿಳಿಯ ಮರಕ್ಕೆ ಕರಿಯ ಮೈ

ತಂದೆಯವರು ಬರೆಯುತ್ತಿದ್ದ ಕರಿಮರದ ಮೇಜು ನಮ್ಮ ಮನೆಯಲ್ಲಿದೆ. ಅದರ ಕಾಲೊಂದು ಮುರಿದಾಗ ಬಡಗಿಯವರು ರಬ್ಬರ್ ಮರದ ಬಿಳಿಯ ಕಾಲನ್ನು ಕೂಡಿಸಿಕೊಟ್ಟರು. ನಾನು ಆತುರಪಟ್ಟು ಕಪ್ಪು ಬಣ್ಣ ಬಳಿದೆ. ಮರದ ಎಳೆಗಳೆಲ್ಲ ಹೂತುಹೋಗಿ, ಕಾಲು ಶಾಲೆಯ ಕರಿಹಲಗೆಯ ತುಂಡಿನಂತೆ ಕಂಡಿತು. ತಂದೆಯವರ ಮೇಜಿಗೆ ನಾನೇ ಅಪಚಾರವೆಸಗಿದಂತಾಯಿತು.

ಬಣ್ಣವನ್ನು ಪೂರ್ತಿ ಉಜ್ಜಿ ತೆಗೆದು, ಹಳೆಯ ಉಪಾಯವೊಂದಕ್ಕೆ ಶರಣಾದೆ. ಕಬ್ಬಿಣದ ಚೂರುಗಳನ್ನು ವಿನೆಗರಿನಲ್ಲಿ ಕೆಲವು ದಿನ ನೆನೆಯಿಡಬೇಕು. (ಮುಚ್ಚಳ ಬಿಗಿಯಬಾರದು, ಒಳಗೆ ಜಲಜನಕ ಹುಟ್ಟುತ್ತದೆ.) ಮರದ ಒಗರು, ಎಂದರೆ ಟ್ಯಾನಿನ್, ಈ ಕಬ್ಬಿಣದ ನೀರಿನೊಡನೆ ಬೆರೆತು ಕಪ್ಪಾಗುತ್ತದೆ. ಓಕ್ ಮರಕ್ಕೆ ಆ ಒಗರು ಹುಟ್ಟಿನಿಂದಲೇ ಉಂಟು. ಮೇಪಲ್‌ಗೆ, ರಬ್ಬರ್ ಮರಕ್ಕೆ ಅದು ಸಾಲದು; ಮೊದಲು ಕುಡಿಸಬೇಕು. ಆದ್ದರಿಂದ ಅಳಲೆಕಾಯಿಯ ಕಷಾಯವನ್ನು ಹಚ್ಚಿ ಒಣಗಿಸಿದೆ. ಅಳಲೆಗೆ ಅನ್ನಭೇದಿ ಕೂಡಿಸಿ ಹಿರಿಯರು ಮಸಿ ಮಾಡುತ್ತಿದ್ದುದೂ ಇದೇ ನ್ಯಾಯದಿಂದ.

ಕಬ್ಬಿಣದ ನೀರನ್ನು ಸವರಿದೆ. ನೋಡುನೋಡುತ್ತಿದ್ದಂತೆ ಮರ ಬೂದಿಯ ಬಣ್ಣಕ್ಕೆ ತಿರುಗಿ, ಮತ್ತೆ ಕಪ್ಪಾಯಿತು. ಎಳೆಗಳು ಹಾಗೆಯೇ ಉಳಿದವು. ಕರಿಮರವಲ್ಲದ್ದಕ್ಕೆ ಕರಿಮರದ ವೇಷ ಸಲ್ಲುವುದೇ ಎಂಬ ಅಳುಕಿತ್ತು. ಆದರೆ 1867ರಲ್ಲಿ ಇಂಗ್ಲೆಂಡಿನ ಗಾಡ್ವಿನ್ ರೂಪಿಸಿದ ಹೆಸರಾಂತ ಸೈಡ್‌ಬೋರ್ಡು ಕೂಡ ಕಪ್ಪಾಗಿಸಿದ ಮಹಾಗನಿಯೇ!

ಅರಗಿನ ಮೆರುಗು ಕೊಟ್ಟ ಮೇಲೆ ತಾಯಿಯವರನ್ನು ಕರೆದೆ. ಅವರು ನಾಲ್ಕು ಕಾಲುಗಳನ್ನೂ ಒಂದೊಂದಾಗಿ ಸವರಿ ನೋಡಿ, ಹೊಸದು ಯಾವುದೆಂದು ನನ್ನನ್ನೇ ಕೇಳಿದರು.