ನಮ್ಮ ಅವ್ವ, ಮೊಮ್ಮಕ್ಕಳ ಆಯಿ
(ಹಿರಿಯರ ಸ್ಮರಣೆಯ ಸಭೆಯಲ್ಲಿ ಮಾಡಿದ ಭಾಷಣ)



ಶತಮಾನೋತ್ಸವದ ಈ ವರ್ಷದಲ್ಲಿ ಪ್ರತಿಯೊಂದು ಕುಟುಂಬವೂ ತನ್ನ ಹಿರಿಯರೊಬ್ಬರನ್ನು ನೆನೆಯಬೇಕೆಂಬ ಅಪ್ಪಣೆಯಂತೆ, ಒಡಹುಟ್ಟಿದವರಾದ ನಾವು ನಮ್ಮ ತಾಯಿಯ ವಿಷಯವಾಗಿ ನಾಲ್ಕು ಮಾತುಗಳನ್ನಾಡಲು ನಿಂತಿದ್ದೇವೆ.

ಅವ್ವ ಬಸವಕಲ್ಯಾಣ ತಾಲ್ಲೂಕಿನ ಗೋರ್ಟಾ (ಬಿ) ಗ್ರಾಮಕ್ಕೆ ಸೊಸೆಯಾಗಿ ಬಂದವಳು. ಹೈದರಾಬಾದ್ ಸಂಸ್ಥಾನವು ಆಗಿನ್ನೂ ಭಾರತದ ಒಕ್ಕೂಟಕ್ಕೆ ಸೇರಿರಲಿಲ್ಲ. 1948ರ ಮೇ ತಿಂಗಳಿನಲ್ಲಿ ರಜಾಕಾರರು ಗೋರ್ಟಾದ ಮೇಲೆ ಎರಗಿದರು. ಇನ್ನೂರಕ್ಕೂ ಹೆಚ್ಚು ಜನ ಹತರಾದರೆಂದು ಆ ಸೀಮೆಯವರು ಹೇಳುತ್ತಾರೆ. ಅವ್ವ ಹಿರಿಯಣ್ಣನನ್ನು ಬೆನ್ನಿಗೆ ಕಟ್ಟಿಕೊಂಡು, ಹಗಲು ಅಡಗಿ, ಇರುಳು ನಡೆದು ಗಡಿಯಾಚೆಯ ಸೊಲ್ಲಾಪುರದ ಸೀಮೆಯನ್ನು ಸೇರಿದಳು. ಆಕೆಯ ಮೈದುನ ಬರಲೇ ಇಲ್ಲ. ಸೆಪ್ಟೆಂಬರ್ 17ರಂದು ನಿಜಾಮರು ಶರಣಾದ ಮೇಲೆ ಅವ್ವ ಊರಿಗೆ ಮರಳಿದಳು.

ಕಥೆಯನ್ನು ಹಲವರು ಇಲ್ಲಿಗೇ ಮುಗಿಸುತ್ತಾರೆ. ಅವ್ವ ಮುಗಿಸುತ್ತಿರಲಿಲ್ಲ. ಪೊಲೀಸ್ ಕಾರ್ಯಾಚರಣೆಯ ಬೆನ್ನಲ್ಲೇ ಮುಸಲ್ಮಾನರ ಮೇಲೆ ಸೇಡಿನ ಕೊಲೆಗಳು ನಡೆದವು. ಸಂಸ್ಥಾನದಾದ್ಯಂತ 27,000ದಿಂದ 40,000 ಜನ ಸತ್ತಿರಬೇಕೆಂದು ಪಂಡಿತ ಸುಂದರಲಾಲರ ಸಮಿತಿ ಅಂದಾಜು ಮಾಡಿತು. ಅತ್ಯಂತ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ನಮ್ಮ ಬೀದರವೂ ಒಂದು. ಆ ವರದಿ ದಶಕಗಳ ಕಾಲ ಬೆಳಕು ಕಾಣಲಿಲ್ಲ. ಅವ್ವನಿಗೆ ವರದಿ ಗೊತ್ತಿರಲಿಲ್ಲ, ಬಳೆಗಾರ್ತಿ ಗೊತ್ತಿದ್ದಳು. ಅವ್ವನ ಕೈಗೆ ಮದುವೆಯ ಬಳೆ ತೊಡಿಸಿದ್ದ ಆ ಹೆಂಗಸಿನ ಗಂಡ ಆ ಸೆಪ್ಟೆಂಬರಿನಲ್ಲಿ ಮನೆಗೆ ಬರಲಿಲ್ಲ.

ಸಂಜೆಯ ಜಪ ಮುಗಿದ ಮೇಲೆ ಅವ್ವ ಸತ್ತವರ ಹೆಸರುಗಳನ್ನು ಒಂದೊಂದಾಗಿ ಹೇಳುವಳು. ಮೈದುನನ ಹೆಸರಾದ ಮೇಲೆ ಬಳೆಗಾರನ ಹೆಸರು. ಹಿರಿಯಣ್ಣ ಒಮ್ಮೆ ಸಿಟ್ಟಿನಿಂದ, ಅವನನ್ನೇಕೆ ಸೇರಿಸುವೆಯೆಂದು ಕೇಳಿದನು. “ಆಕಿ ಮಕ್ಳೂ ಅಪ್ಪನ ದಾರಿ ನೋಡ್ತಿದ್ವಪ್ಪಾ” ಎಂದಳು. ಮತ್ತೆ ಆ ಮಾತೆತ್ತಲಿಲ್ಲ. ಅಣ್ಣನಿಗೆ ಬಹುಕಾಲ ಇದು ರುಚಿಸಲಿಲ್ಲ. ಇಲ್ಲಿ ಕುಳಿತವರಲ್ಲಿಯೂ ಕೆಲವರಿಗೆ ರುಚಿಸದಿರಬಹುದು. ಮರೆಮಾಚಿದರೆ ನಾವು ಬೇರಾವಳೋ ತಾಯಿಯನ್ನು ವರ್ಣಿಸಿದಂತಾದೀತು.

ಹಾಗೆಂದು ಆಕೆ ಸದಾ ಶಾಂತಮೂರ್ತಿಯೇನಲ್ಲ. ರೊಟ್ಟಿಯ ಚೂರು ನೆಲಕ್ಕೆ ಬಿದ್ದರೆ ಬೈಗುಳ ತಪ್ಪುತ್ತಿರಲಿಲ್ಲ. ಬೆಲ್ಲದ ಡಬ್ಬಿ ಎಲ್ಲಿದೆಯೆಂಬುದು ಸೊಸೆಯಂದಿರಿಗೂ ತಿಳಿಯದು. ಎಳ್ಳಮವಾಸ್ಯೆಯಂದು ಮಾತ್ರ ಹೊಲದಲ್ಲಿ ಭಜ್ಜಿ, ಅಂಬಲಿಗಳನ್ನು ದಾರಿಹೋಕರನ್ನೂ ಕರೆದು ಬಡಿಸುವಳು. ಹಳೆಯ ಸೀರೆಗಳಿಂದ ಮೊಮ್ಮಕ್ಕಳಿಗೆಲ್ಲ ಒಂದೊಂದು ಕೌದಿ ಹೊಲಿದಳು. ಕಡೆಯದು ಅರ್ಧಕ್ಕೆ ನಿಂತಿತು. ಉಳಿದರ್ಧವನ್ನು ಸೊಸೆಯಂದಿರು ಹೊಲಿದರು. ಅವರ ಹೊಲಿಗೆ ಅಷ್ಟು ಒತ್ತಾಗಿಲ್ಲ. ಆಯಿಯ ಭಾಗ ಯಾವುದೆಂದು ಕಿರಿಯ ಮೊಮ್ಮಗಳು ಕತ್ತಲಲ್ಲಿಯೂ ಬೆರಳಾಡಿಸಿ ಹೇಳುತ್ತಾಳೆ.

ಗೋರ್ಟಾದಲ್ಲಿ 2023ರ ಮಾರ್ಚ್ 26ರಂದು ಹುತಾತ್ಮರ ಸ್ಮಾರಕದ ಉದ್ಘಾಟನೆಯಾಯಿತು. 103 ಅಡಿ ಎತ್ತರದ ಧ್ವಜ ಅಲ್ಲಿ ಹಾರಿತು. ಅದನ್ನು ಕಾಣಲು ಅವ್ವ ಉಳಿದಿರಲಿಲ್ಲ.

ನವೆಂಬರ್ 2ರ ಮೃತರ ಪೂಜೆಗೆಂದು ನಮ್ಮ ಮನೆಯ ಹೆಸರುಗಳ ಪಟ್ಟಿಯನ್ನು ಒಪ್ಪಿಸಿದ್ದೇವೆ. ಈ ಸಲ ಅವ್ವನ ಹೆಸರು ಮೊದಲಿದೆ. ಮೈದುನನ ಹೆಸರಿನ ಕೆಳಗೆ ಬಳೆಗಾರನ ಹೆಸರಿದೆ. ಗುರುಗಳು ಅದನ್ನೂ ಓದಬೇಕೆಂದು ಬಿನ್ನಹ.