ಹಸಿವು ಹಾಕುವ ರುಜು

(ವಿದ್ಯಾರ್ಥಿ ನಿಲಯದ ಅಧ್ಯಯನ ಶಿಬಿರದಲ್ಲಿ ಆಡಿದ ಮಾತು)



ಉದ್ಯಮಿಗಳಿಗೆ ಎಷ್ಟು ಸ್ವಾತಂತ್ರ್ಯ, ಎಷ್ಟು ಕಡಿವಾಣ ಅನ್ನೋದು ನನಗೆ ಕೊಟ್ಟ ವಿಷಯ. ಪದ್ಯ ಬರೆಯುವವನಿಗೆ ಇದನ್ನು ಯಾಕೆ ಕೊಟ್ಟರೋ ಗೊತ್ತಿಲ್ಲ. ಬಿ.ಎ.ನಲ್ಲಿ ಮೂರು ವರ್ಷ ಅರ್ಥಶಾಸ್ತ್ರ ಓದಿದ್ದೇನೆ, ಅಷ್ಟೇ ನನ್ನ ಬಂಡವಾಳ. ನಿಮ್ಮಲ್ಲೂ ಬಹಳ ಮಂದಿ ಅದೇ ಪುಸ್ತಕ ಓದುತ್ತಿದ್ದೀರಿ. ಬೇಡಿಕೆಯ ಗೆರೆ ಕೆಳಗಿಳಿಯುತ್ತೆ, ಪೂರೈಕೆಯ ಗೆರೆ ಮೇಲೇರುತ್ತೆ, ಎರಡೂ ಕೂಡುವ ಚುಕ್ಕೆಯಲ್ಲಿ ಕೂಲಿ ತೀರ್ಮಾನ ಆಗುತ್ತೆ. ಕೊಡುವವನಿಗೂ ಒಪ್ಪಿಗೆ, ತಗೊಳ್ಳುವವನಿಗೂ ಒಪ್ಪಿಗೆ. ನಡುವೆ ಸರ್ಕಾರ ಕೈಹಾಕಿದರೆ ಕೆಡುತ್ತೆ. ಪರೀಕ್ಷೆಯಲ್ಲಿ ಹಾಗೇ ಬರೆಯಿರಿ, ಅಂಕ ಬೇಕಲ್ಲ. ಆದರೆ ಇವತ್ತು ಆ 'ಒಪ್ಪಿಗೆ' ಅನ್ನೋ ಒಂದು ಮಾತನ್ನು ಹಿಡಿದು ಸ್ವಲ್ಪ ಎಳೆದು ನೋಡೋಣ.

ನಮ್ಮ ತಾತಂದಿರ ಜೀತಕ್ಕೂ ಒಪ್ಪಿಗೆ ಇತ್ತು. ಧಣಿ ಪತ್ರ ಬರೆಸುತ್ತಿದ್ದ, ಸಾಕ್ಷಿಗೆ ಊರ ದೊಡ್ಡವರು ಇರುತ್ತಿದ್ದರು, ತಾತ ಹೆಬ್ಬೆಟ್ಟು ಒತ್ತುತ್ತಿದ್ದ. ಯಾರೂ ಅವನ ಕೈ ತಿರುಚಲಿಲ್ಲ. ಮದುವೆಗೋ ಸಾವಿಗೋ ತಂದ ಸಾಲ ಒತ್ತಿಸಿತು. ಮನೆಯಲ್ಲಿ ಉರಿಯದ ಒಲೆ ಒತ್ತಿಸಿತು. ಆ ಕರಾರನ್ನು ಮಾರುಕಟ್ಟೆ ತಾನಾಗಿ ಬಂದು ಒಡೆಯಲಿಲ್ಲ. 1975ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆಯಾಗಿ ಬಂದು 1976ರಲ್ಲಿ ಕಾಯ್ದೆಯಾದ ಜೀತ ಪದ್ಧತಿ ರದ್ದತಿ ಕಾನೂನು ಬಂದು, ಆ ಸಾಲವೇ ವಜಾ, ಆ ಪತ್ರವೇ ರದ್ದು ಅಂತು.

ಅದು ಹಳೇ ಕಾಲ, ಹಳ್ಳಿ ಅನ್ನಬಹುದು. ಸರಿ, ಬೆಂಗಳೂರಿಗೇ ಬನ್ನಿ. 2020ರ ಮೇ ತಿಂಗಳು. ಲಾಕ್‌ಡೌನ್‌ನಲ್ಲಿ ಕೆಲಸ ನಿಂತು ಕೂಲಿ ನಿಂತು, ಉತ್ತರದ ರಾಜ್ಯಗಳಿಂದ ಬಂದ ಕಟ್ಟಡ ಕಾರ್ಮಿಕರು ಊರಿಗೆ ಹೋಗ್ತೀವಿ ಅಂತ ಗಂಟುಮೂಟೆ ಕಟ್ಟಿ ಕೂತಿದ್ದರು. ಶ್ರಮಿಕ್ ರೈಲು ಶುರುವಾಗಿತ್ತು. ಮೇ 5ರಂದು ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರು ಕಟ್ಟಡ ಉದ್ಯಮಿಗಳ ಜೊತೆ ಸಭೆ ಮಾಡಿದರು. ಅದೇ ದಿನ ರೈಲ್ವೆಗೆ ಪತ್ರ ಹೋಯಿತು, ನಾಳೆಯಿಂದ ರೈಲು ಬೇಡ ಅಂತ. ದೇಶವೆಲ್ಲ ಉಗಿದ ಮೇಲೆ ಎರಡು ದಿನದಲ್ಲಿ ಅದು ವಾಪಸಾಯಿತು. ಪುಸ್ತಕದ ಪ್ರಕಾರ ಶ್ರಮ ಒಂದು ಸರಕು, ಕಾರ್ಮಿಕ ಅದರ ಮಾರಾಟಗಾರ. ಸಂತೆಯಲ್ಲಿ ಬೆಲೆ ಗಿಟ್ಟದಿದ್ದರೆ ಕೋಳಿ ಮಾರುವವಳು ಕೋಳಿ ಎತ್ತಿಕೊಂಡು ಮನೆಗೆ ಹೋಗ್ತಾಳೆ. ಅವಳಿಗಿರುವ ಹಕ್ಕು ಮೇ 5ರಂದು ಆ ಗಾರೆ ಕೆಲಸದವರಿಗೆ ಇರಲಿಲ್ಲ. ಮುಕ್ತ ಮಾರುಕಟ್ಟೆ ಅನ್ನುವವರಲ್ಲಿ ಯಾರೂ ಅವತ್ತು 'ಹೋಗುವ ಸ್ವಾತಂತ್ರ್ಯ'ದ ಬಗ್ಗೆ ದೊಡ್ಡ ದನಿ ಎತ್ತಿದ್ದು ನನಗೆ ಕೇಳಲಿಲ್ಲ.

ಇದನ್ನು ಬಾಬಾಸಾಹೇಬರು 1947ರಲ್ಲೇ ಹೇಳಿದ್ದರು. ಪರಿಶಿಷ್ಟ ಜಾತಿಗಳ ಫೆಡರೇಷನ್ ಪರವಾಗಿ ಸಂವಿಧಾನ ಸಭೆಗೆಂದು ಅವರು ಬರೆದ 'ಸ್ಟೇಟ್ಸ್ ಅಂಡ್ ಮೈನಾರಿಟೀಸ್' ಸಣ್ಣ ಪುಸ್ತಕ, ಒಂದು ರಾತ್ರಿಯಲ್ಲಿ ಓದಿ ಮುಗಿಸಬಹುದು. ಅದರಲ್ಲಿ ಅವರ ವಾದದ ತಿರುಳು ಇದು. ಪ್ರಭುತ್ವ ಹಿಂದೆ ಸರಿದರೆ ಸ್ವಾತಂತ್ರ್ಯ ಸಿಗುತ್ತೆ ಅಂತೀರಲ್ಲ, ಯಾರಿಗೆ ಸಿಗುತ್ತೆ? ಗೇಣಿ ಏರಿಸಲು ಜಮೀನ್ದಾರನಿಗೆ. ದುಡಿಮೆಯ ಗಂಟೆ ಏರಿಸಿ ಕೂಲಿ ಇಳಿಸಲು ಬಂಡವಾಳಗಾರನಿಗೆ. ಕೆಲಸ ಇಲ್ಲದವನ ಮುಂದೆ ಒಂದು ಕಡೆ ಕೆಲಸ, ಇನ್ನೊಂದು ಕಡೆ ಮಾತಾಡುವ, ಸಂಘ ಕಟ್ಟುವ ಹಕ್ಕು ಇಟ್ಟರೆ ಅವನು ಕೆಲಸವನ್ನೇ ಹಿಡೀತಾನೆ, ಹಕ್ಕು ಬಿಡ್ತಾನೆ. ಹಾಗೆ ಬಿಡಿಸಿಕೊಂಡದ್ದನ್ನು ಒಪ್ಪಿಗೆ ಅನ್ನಬಾರದು ಅನ್ನೋದು ಅವರ ತಕರಾರು. ಮೂಲ ಉದ್ಯಮಗಳು ಸರ್ಕಾರದ ಕೈಯಲ್ಲಿರಲಿ ಅಂತ ಅವರು ಕೇಳಿದ್ದರು. ಅದು ಸಂವಿಧಾನದಲ್ಲಿ ಬರಲಿಲ್ಲ.

ಅವರಿಗೆ ಇದು ಪುಸ್ತಕದಿಂದ ಬಂದ ಜ್ಞಾನ ಅಲ್ಲ. ಮುಂಬೈನ ಹತ್ತಿ ಗಿರಣಿಗಳಲ್ಲಿ ನಮ್ಮವರನ್ನು ನೇಯ್ಗೆ ಖಾತೆಗೆ ಸೇರಿಸುತ್ತಿರಲಿಲ್ಲ. ಯಾಕೆ ಗೊತ್ತಾ? ಲಾಳಿಯ ತೂತಿನಿಂದ ನೂಲನ್ನು ಬಾಯಲ್ಲಿ ಹೀರಿ ಎಳೆಯಬೇಕಿತ್ತು. ಹೊಲೆಯನ ಎಂಜಲು ತಾಗಿದ ಲಾಳಿಯನ್ನು ಸವರ್ಣ ಕಾರ್ಮಿಕ ಮುಟ್ಟುವುದುಂಟೇ? ನೇಯ್ಗೆಯಲ್ಲಿ ಕೂಲಿ ಜಾಸ್ತಿ, ನೂಲುವುದರಲ್ಲಿ ಕಮ್ಮಿ. ನಮ್ಮವರು ಕಮ್ಮಿ ಕೂಲಿಯಲ್ಲೇ ಉಳಿದರು. 1928ರ ದೊಡ್ಡ ಮುಷ್ಕರದ ಕಾಲದಲ್ಲಿ ಅಂಬೇಡ್ಕರ್ ಈ ಮಾತೆತ್ತಿದರು. ಬೇಡಿಕೆಯ ಗೆರೆ, ಪೂರೈಕೆಯ ಗೆರೆ ಎರಡೂ ಎಂಜಲಿಗೆ ಹೆದರಿ ಬಾಗಿದ್ದು ನೋಡಿ!

ಹಾಗಂತ ಮಾರುಕಟ್ಟೆಯೇ ಹಾಳಾಗಲಿ ಅಂತ ನಾನು ಅನ್ನಲಾರೆ. ಈ ವಿಷಯದಲ್ಲಿ ನಮ್ಮ ಕೆಲವು ಸಂಗಾತಿಗಳ ಜೊತೆ ನನಗೆ ಜಗಳ ಇದೆ. ಊರಲ್ಲಿ ಕೂಲಿ ಅಂದರೆ ಸೇರು ರಾಗಿ, ಅದೂ ಧಣಿ ಮನೆ ಹಿತ್ತಲ ಬಾಗಿಲಲ್ಲಿ, ಸೆರಗೊಡ್ಡಿ. ಕೋಲಾರದ ಚಿನ್ನದ ಗಣಿಗೆ ಉತ್ತರ ಆರ್ಕಾಟಿನಿಂದ ನಮ್ಮ ಜನ ಸಾವಿರಗಟ್ಟಲೆ ಯಾಕೆ ಬಂದರು? ಗಣಿಯಲ್ಲಿ ಸಾವಿತ್ತು, ಪುಪ್ಪುಸ ತಿನ್ನುವ ಧೂಳಿತ್ತು. ಆದರೂ ಕೈಗೆ ದುಡ್ಡು ಬರುತ್ತಿತ್ತು, ಯಾರ ಮನೆ ಮುಂದೂ ಚಪ್ಪಲಿ ಬಿಚ್ಚಬೇಕಿರಲಿಲ್ಲ. ಆ ದುಡ್ಡಿನಲ್ಲಿ ಅವರು ಶಾಲೆ ಕಟ್ಟಿಕೊಂಡರು, ಮಾರಿಕುಪ್ಪಂನಲ್ಲಿ ಬೌದ್ಧ ಸಂಘ ಕಟ್ಟಿಕೊಂಡರು. ಕೇರಿಯಿಂದ ಹೊರಗೆ ಹೋಗುವ ದಾರಿ ಪಟ್ಟಣದ ಕೂಲಿಯೇ ತೋರಿಸಿದ್ದು. ಆ ದಾರಿ ಮುಚ್ಚಬಾರದು. ಆ ದಾರಿಯಲ್ಲಿ ಹೋದವನು ಇನ್ನೊಬ್ಬ ಧಣಿ ಕೈಗೆ ಬೀಳದ ಹಾಗೆ ನೋಡಿಕೊಳ್ಳಬೇಕು. ನಾನು 'ಕಡಿವಾಣ' ಅಂತ ಹೇಳೋದು ಇಷ್ಟನ್ನೇ. ಜಮೀನಿದ್ದವನು ಕೂಲಿ ಗಿಟ್ಟದಿದ್ದರೆ ಹೊಲಕ್ಕೆ ವಾಪಸ್ ಹೋಗ್ತಾನೆ. ನಮಗೆ ವಾಪಸ್ ಹೋಗಲು ಹೊಲ ಇಲ್ಲ. 'ಆಗೋದಿಲ್ಲ' ಅನ್ನುವಾಗ ಬೆನ್ನಿಗೆ ಏನಾದರೂ ಇರಬೇಕಲ್ಲ, ಅದಕ್ಕೆ ಕಾನೂನು.

1942ರಿಂದ 1946ರವರೆಗೆ ಬಾಬಾಸಾಹೇಬರು ವೈಸ್‌ರಾಯ್ ಕೌನ್ಸಿಲಿನಲ್ಲಿ ಕಾರ್ಮಿಕ ಖಾತೆ ನೋಡುತ್ತಿದ್ದರು. ದಿನದ ಕೆಲಸವನ್ನು 14 ಗಂಟೆಯಿಂದ 8ಕ್ಕೆ ಇಳಿಸಿದರು ಅಂತ ಫೋನಿನಲ್ಲಿ ಫಾರ್ವರ್ಡ್ ಬರುತ್ತೆ. ದಯವಿಟ್ಟು ಅದನ್ನು ಮುಂದೆ ದಾಟಿಸಬೇಡಿ, ಅವರ ಕೆಲಸಕ್ಕೆ ಉತ್ಪ್ರೇಕ್ಷೆಯ ಹಂಗಿಲ್ಲ. 1946ರ ತಿದ್ದುಪಡಿಯಲ್ಲಿ ವರ್ಷಪೂರ್ತಿ ನಡೆಯುವ ಕಾರ್ಖಾನೆಗಳಲ್ಲಿ ವಾರಕ್ಕೆ 54 ಗಂಟೆ ಇದ್ದದ್ದು 48 ಆಯಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಕನಿಷ್ಠ ವೇತನ ಮಸೂದೆ ಮಂಡಿಸಿದರು. ಅದು ಕಾಯ್ದೆಯಾದದ್ದು 1948ರಲ್ಲಿ, ಆಗ ಕಾರ್ಮಿಕ ಮಂತ್ರಿ ಬಾಬು ಜಗಜೀವನ್ ರಾಮ್.

ಆ ಕನಿಷ್ಠ ವೇತನಕ್ಕೆ ಎಂಥ ತೂಕ ಇದೆ ಅಂತ ಸುಪ್ರೀಂ ಕೋರ್ಟು ಹೇಳಿದ್ದು 1982ರಲ್ಲಿ. ದೆಹಲಿಯಲ್ಲಿ ಏಷ್ಯನ್ ಕ್ರೀಡಾಕೂಟಕ್ಕೆ ಕ್ರೀಡಾಂಗಣ ಕಟ್ಟುತ್ತಿದ್ದರು. ದಿನಕ್ಕೆ 9 ರೂಪಾಯಿ 25 ಪೈಸೆ ಕನಿಷ್ಠ ಕೂಲಿ. ಅದರಲ್ಲಿ ಒಂದು ರೂಪಾಯಿ ಜಮಾದಾರ ಹಿಡಿದುಕೊಂಡು 8.25 ಕೊಡುತ್ತಿದ್ದ. ಕೂಲಿಗಳು ಒಪ್ಪಿಕೊಂಡೇ ತಗೊಂಡಿದ್ದರು. ನ್ಯಾಯಮೂರ್ತಿ ಭಗವತಿಯವರು ಆ ಒಪ್ಪಿಗೆಯನ್ನು ಒಪ್ಪಲಿಲ್ಲ. ಕನಿಷ್ಠ ಕೂಲಿಗಿಂತ ಕಮ್ಮಿಗೆ ಒಬ್ಬ ದುಡಿಯುತ್ತಾನೆ ಅಂದರೆ ಹಸಿವು, ಬಡತನ ಅವನನ್ನು ಬಲವಂತ ಮಾಡಿದೆ, ಅದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಿಟ್ಟಿ ಚಾಕರಿಯೇ ಅಂತ ತೀರ್ಪಾಯಿತು. ಒಂದು ರೂಪಾಯಿಯ ಕೇಸು. ನಾನು ಓದಿದ ಎಷ್ಟೋ ಪದ್ಯಗಳಿಗಿಂತ ಆ ತೀರ್ಪು ನನ್ನನ್ನು ಹೆಚ್ಚು ಅಲ್ಲಾಡಿಸಿತು.

ಕಾನೂನಿದ್ದರೆ ಎಲ್ಲ ಆಯಿತಾ? ಇಲ್ಲ. ಬೆಂಗಳೂರಿನ ಗಾರ್ಮೆಂಟ್ಸ್ ನೋಡಿ. ನಮ್ಮ ಅಕ್ಕತಂಗಿಯರೇ ಅಲ್ಲಿರೋದು. 2020ರ ಏಪ್ರಿಲ್‌ನಿಂದ ತುಟ್ಟಿಭತ್ಯೆ ತಿಂಗಳಿಗೆ 417 ರೂಪಾಯಿ 60 ಪೈಸೆ ಏರಬೇಕಿತ್ತು. ದಿನಕ್ಕೆ ಲೆಕ್ಕ ಹಾಕಿದರೆ 16 ರೂಪಾಯಿ. ಉದ್ಯಮಕ್ಕೆ ಕಷ್ಟ ಅಂತ ರಾಜ್ಯ ಸರ್ಕಾರ ಜುಲೈನಲ್ಲಿ ಅದನ್ನು ಮುಂದೂಡಿತು. ಸೆಪ್ಟೆಂಬರಿನಲ್ಲಿ ಹೈಕೋರ್ಟು ಆ ಆದೇಶಕ್ಕೆ ತಡೆ ಕೊಟ್ಟಿತು. ಆದರೂ ಬಹಳ ಕಾರ್ಖಾನೆಗಳು ಕೊಡಲಿಲ್ಲ. ಸಂಘಟನೆಗಳು ಕೂಗಿ, ಹೊರದೇಶದ ಬ್ರಾಂಡುಗಳ ಬಾಗಿಲು ಬಡಿದು, ಬಾಕಿ ಕೈಗೆ ಬರಲು ಶುರುವಾಗುವ ಹೊತ್ತಿಗೆ 2022 ಆಗಿತ್ತು. ಹೊಲಿದ ಅಂಗಿ ಅಷ್ಟರಲ್ಲಿ ಯಾವ ದೇಶದಲ್ಲೋ ತೊಟ್ಟು ಹರಿದಿರುತ್ತೆ.

ಸರ್ಕಾರ ಅನ್ನೋದು ನಮ್ಮ ಅಜ್ಜಿ ಮನೆ ಏನಲ್ಲ ಅನ್ನೋದಕ್ಕೆ ಇನ್ನೊಂದು. 2016ರಲ್ಲಿ ಕೇಂದ್ರ ಸರ್ಕಾರವೇ ಭವಿಷ್ಯನಿಧಿಯಲ್ಲಿ ಮಾಲೀಕನ ಪಾಲನ್ನು 58 ವರ್ಷದ ತನಕ ತೆಗೆಯುವ ಹಾಗಿಲ್ಲ ಅಂತು. ಏಪ್ರಿಲ್ 18, 19ರಂದು ಇದೇ ಹೆಣ್ಣುಮಕ್ಕಳು ಹೊಸೂರು ರಸ್ತೆ, ತುಮಕೂರು ರಸ್ತೆ ತುಂಬಿದರು. ಲಾಠಿ ಬಿತ್ತು, ಬಸ್ಸುಗಳು ಸುಟ್ಟವು. 19ಕ್ಕೆ ನಿಯಮ ವಾಪಸ್.

ಮಾಲೀಕರ ಮಾತೂ ಕೇಳೋಣ. ಇನ್‌ಸ್ಪೆಕ್ಟರ್ ಬಂದು ಕೈಯೊಡ್ಡುತ್ತಾನೆ, ರಿಜಿಸ್ಟರುಗಳು ಒಂದು ಗಾಡಿ ಆಗುತ್ತವೆ ಅಂತಾರೆ. ಸುಳ್ಳಲ್ಲ. ಪೀಣ್ಯದಲ್ಲಿ ಎರಡು ಲೇಥ್ ಇಟ್ಟುಕೊಂಡು ಆರು ಜನಕ್ಕೆ ಕೆಲಸ ಕೊಟ್ಟವನು ನಮ್ಮ ಶತ್ರು ಅಂತ ನನಗೆ ಅನ್ನಿಸಲ್ಲ. ಆದರೆ ಅವನ ಉಸಿರು ಕಟ್ಟಿಸೋದು ಕನಿಷ್ಠ ಕೂಲಿಯೊಂದೇನಾ? ಮಾಲು ತಗೊಂಡ ದೊಡ್ಡ ಕಂಪನಿ ಆರು ತಿಂಗಳು ಬಿಲ್ಲು ಕೊಡದೆ ಸತಾಯಿಸಿದರೆ ಅವನನ್ನು ಕಾಯೋದೂ ಕಾನೂನೇ. 2006ರ ಸಣ್ಣ ಉದ್ಯಮಗಳ ಕಾಯ್ದೆ ಪ್ರಕಾರ 45 ದಿನ ಮೀರುವಂತಿಲ್ಲ, ಮೀರಿದರೆ ಚಕ್ರಬಡ್ಡಿ. ರಿಜಿಸ್ಟರು ಕಮ್ಮಿ ಮಾಡಿ, ಲಂಚ ನಿಲ್ಲಿಸಿ, ನನ್ನ ತಕರಾರಿಲ್ಲ. ಆದರೆ ಸುಧಾರಣೆ ಅಂತ ಬಂದಾಗ ಯಾವುದನ್ನು ಕಮ್ಮಿ ಮಾಡಿದರು? 2025ರ ನವೆಂಬರ್ 21ರಿಂದ ಹಳೆಯ 29 ಕಾನೂನುಗಳ ಜಾಗಕ್ಕೆ ನಾಲ್ಕು ಸಂಹಿತೆಗಳು ಬಂದವು. ಕೆಲವು ಒಳ್ಳೆಯ ಮಾತೂ ಇವೆ, ಕನಿಷ್ಠ ವೇತನ ಈಗ ಎಲ್ಲ ಕಸುಬಿಗೂ ಅನ್ವಯ. ಆದರೆ ಸರ್ಕಾರದ ಅನುಮತಿ ಇಲ್ಲದೆ ಕೆಲಸದಿಂದ ತೆಗೆಯಲು ಮೊದಲು 100 ಜನರ ಒಳಗಿನ ಕಾರ್ಖಾನೆಗೆ ಅವಕಾಶ ಇತ್ತು, ಈಗ 300ರ ಒಳಗಿನದಕ್ಕೂ ಇದೆ. ಗುತ್ತಿಗೆ ಕಾರ್ಮಿಕರ ರಕ್ಷಣೆ 20 ಜನರಿದ್ದರೆ ಸಿಗುತ್ತಿತ್ತು, ಈಗ 50 ಬೇಕು. ಎರಡು ಲೇಥಿನವನಿಗೆ ಇದರಿಂದ ಏನು ಸಿಕ್ಕಿತು?

ನಮ್ಮ ರಾಜ್ಯವಂತೂ 2023ರ ಫೆಬ್ರವರಿಯಲ್ಲೇ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ಮಾಡಿತು. ದಿನಕ್ಕೆ 12 ಗಂಟೆವರೆಗೆ ದುಡಿಸಬಹುದು, ವಾರಕ್ಕೆ 48 ಮೀರದಂತೆ, ಕಾರ್ಮಿಕರ ಲಿಖಿತ ಒಪ್ಪಿಗೆ ಇದ್ದರೆ! ಲಿಖಿತ ಒಪ್ಪಿಗೆ. ಬೆಳಿಗ್ಗೆ ಐದಕ್ಕೆ ಎದ್ದು ಅಡುಗೆ ಮಾಡಿ ಟೆಂಪೋ ಹತ್ತುವವಳ ಮುಂದೆ ಸೂಪರ್‌ವೈಸರ್ ಒಂದು ಹಾಳೆ ಇಟ್ಟರೆ ಅವಳು ರುಜು ಹಾಕದೆ ಇನ್ನೇನು ಮಾಡ್ತಾಳೆ? ತಾತನ ಹೆಬ್ಬೆಟ್ಟು ಮೊಮ್ಮಗಳ ರುಜು ಆಗಿದೆ, ಅವಳಿಗೆ ಬರೆಯೋಕೆ ಬರುತ್ತಲ್ಲ.

ಒಂದು ಅಪ್ರಿಯ ಮಾತು. ಸರ್ಕಾರಿ ಕಾಮಗಾರಿ ಗುತ್ತಿಗೆಯಲ್ಲಿ ಈಗ ನಮಗೂ ಮೀಸಲಾತಿ ಇದೆ. ನಮ್ಮ ಹುಡುಗರು ಗುತ್ತಿಗೆದಾರರಾಗ್ತಿದ್ದಾರೆ, ಆಗಲಿ, ಸಂತೋಷ. ಆದರೆ ಟೆಂಡರಿನ ಲೆಕ್ಕ ಎಲ್ಲರಿಗೂ ಒಂದೇ. ಕಮ್ಮಿ ಕೂಗಿದವನಿಗೆ ಕೆಲಸ, ಆ ಕಮ್ಮಿಯನ್ನು ಕೊನೆಗೆ ತುಂಬಿಕೊಡುವವಳು ಕಸ ಗುಡಿಸುವವಳು. ಬೆಂಗಳೂರಿನ ಪೌರಕಾರ್ಮಿಕರು ಎಷ್ಟೋ ವರ್ಷ ಹಾಗೆ ತುಂಬಿಕೊಟ್ಟರು. 2022ರ ಜುಲೈನಲ್ಲಿ ಪೊರಕೆ ಕೆಳಗಿಟ್ಟು ಕೂತ ಮೇಲೆ ಕಾಯಂ ಮಾಡ್ತೀವಿ ಅಂತ ಮಾತು ಬಂತು, 2025ರ ಮೇ ದಿನದಂದು 12 ಸಾವಿರಕ್ಕೂ ಹೆಚ್ಚು ಮಂದಿಗೆ ನೇಮಕಾತಿ ಪತ್ರ ಬಂತು. ನೀಲಿ ಶಾಲು ಹೊದ್ದ ಗುತ್ತಿಗೆದಾರನ ಹತ್ತಿರವೂ ಮಸ್ಟರ್ ರೋಲ್ ತೋರಿಸಣ್ಣ ಅಂತ ಕೇಳುವ ಧೈರ್ಯ ನಮಗಿರಬೇಕು.

ಕೊನೆಗೆ ನಿಮ್ಮದೇ ವಿಷಯ. ಸಂಜೆ ಬೈಕಿನಲ್ಲಿ ಊಟ ಹಂಚಿ ಮೆಸ್ ಬಿಲ್ಲು ಕಟ್ಟುವವರು ಇಲ್ಲೇ ಇದ್ದೀರಿ. ಆ್ಯಪ್ ತೆರೆದಾಗ 'ಒಪ್ಪುತ್ತೇನೆ' ಅಂತ ಒತ್ತಿದಿರಲ್ಲ, ಅದರಲ್ಲಿ ಏನಿತ್ತು ಅಂತ ಓದಿದವರು ಕೈ ಎತ್ತಿ. (ಯಾರೂ ಎತ್ತಲಿಲ್ಲ.) ನಿಮ್ಮನ್ನು ಅಲ್ಲಿ ಕಾರ್ಮಿಕ ಅನ್ನಲ್ಲ, ಪಾಲುದಾರ ಅಂತಾರೆ. ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ ಕಾಯ್ದೆ ಮಾಡಿದೆ. ಪ್ರತಿ ವಹಿವಾಟಿನಲ್ಲಿ ನಿಮಗೆ ಕೊಡುವ ಹಣದ ಮೇಲೆ ಶೇಕಡಾ 1ರಿಂದ 5ರವರೆಗೆ ಕಂಪನಿ ಕಲ್ಯಾಣ ನಿಧಿಗೆ ಕಟ್ಟಬೇಕು. ತೆಗೆದುಹಾಕುವುದಾದರೆ ಕಾರಣ ಬರೆದು 14 ದಿನ ಮುಂಚೆ ತಿಳಿಸಬೇಕು. ಐಡಿ ಬ್ಲಾಕ್ ಆಗಿ ರಸ್ತೆಯಲ್ಲಿ ನಿಂತವನಿಗೆ ಈ 14 ದಿನದ ಬೆಲೆ ಗೊತ್ತು. ಆದರೆ ಕನಿಷ್ಠ ಕೂಲಿಯ ಮಾತು ಅದರಲ್ಲಿಲ್ಲ, ಅದನ್ನು ಇನ್ನೂ ಕೇಳಬೇಕು.

ಆ ಕಾಯ್ದೆಯ ಕನ್ನಡ ಪ್ರತಿ ಒಂದು ತಂದಿದ್ದೇನೆ, ಒಂದೇ ಇದೆ. ಊಟ ಆದ ಮೇಲೆ ಮೆಸ್ಸಿನ ಬೆಂಚಿನಲ್ಲೇ ಕೂತು ಒಬ್ಬರು ಓದಲಿ, ಉಳಿದವರು ಕೇಳೋಣ. ಅಮ್ಮಂದೋ ಅಕ್ಕಂದೋ ಸಂಬಳದ ಚೀಟಿ ಫೋನಿನಲ್ಲಿ ಇರುವವರು ತೆಗೆದಿಟ್ಟುಕೊಳ್ಳಿ. ಮೂಲ ವೇತನ, ತುಟ್ಟಿಭತ್ಯೆ, ಈ ಎರಡು ಸಾಲು ಮೊದಲು ನೋಡೋಣ.