ಕಾಲಿಡುವ ಜಾಗ

ಕೇಳುಗರೇ, ನಿಮ್ಮ ಪತ್ರಗಳಲ್ಲಿ ಒಂದು ಅಳಲು ಮತ್ತೆ ಮತ್ತೆ ಕಾಣುತ್ತಿದೆ: "ಕುದುರೆಮುಖ, ಕುಮಾರಪರ್ವತ ನೋಡುವ ಆಸೆ. ಆದರೆ ನಾವು ಹೋಗಿಯೇ ಬೆಟ್ಟ ಹಾಳಾಗುತ್ತಿದೆಯಂತೆ. ಹೋಗಲೇಬಾರದೇ?" ಖಂಡಿತ ಹೋಗಿ. ನೋಡದ ಬೆಟ್ಟದ ಮೇಲೆ ಅಕ್ಕರೆ ಹುಟ್ಟುವುದಾದರೂ ಹೇಗೆ? ಕಸ ಎಸೆಯಬಾರದು, ಬೆಂಕಿ ಹಾಕಬಾರದು ಎಂಬುದು ನಿಮಗೆ ಗೊತ್ತೇ ಇದೆ. ನಾನು ಹೇಳಬೇಕಾದದ್ದು ಕಾಲಿಡುವ ಜಾಗದ ಮಾತು.

ಪಶ್ಚಿಮಘಟ್ಟದ ಎತ್ತರದ ಕಣಿವೆಗಳಲ್ಲಿ ಶೋಲಾ ಕಾಡು, ಗುಡ್ಡದ ಮೈತುಂಬ ಹುಲ್ಲು. "ಬರೀ ಹುಲ್ಲು ತಾನೇ, ಮಳೆ ಬಂದರೆ ಮತ್ತೆ ಚಿಗುರುತ್ತೆ" ಎನ್ನುವವರನ್ನು ಕಂಡರೆ ನನಗೆ ತಾಳ್ಮೆ ತಪ್ಪುತ್ತದೆ. ಮಳೆನೀರನ್ನು ಹಿಡಿದಿಟ್ಟು ಬೇಸಗೆಯಲ್ಲೂ ಹಳ್ಳ ಹರಿಸುವುದು ಆ ಹುಲ್ಲು ಮತ್ತು ಶೋಲಾ. ತುಂಗೆ, ಭದ್ರೆ ಹುಟ್ಟುವುದು ಕುದುರೆಮುಖದ ಇಂಥ ಗುಡ್ಡಗಳಲ್ಲೇ.

ಹುಲ್ಲಿನ ಬೇರು ಮಣ್ಣನ್ನು ಹಿಡಿದಿಟ್ಟಿರುತ್ತದೆ, ಮಣ್ಣಿನ ಸಂದುಗಳಲ್ಲಿ ನೀರು ಇಂಗುತ್ತದೆ. ನೂರಾರು ಬೂಟುಗಳು ತುಳಿದರೆ ಸಂದು ಮುಚ್ಚಿ ಮಣ್ಣು ಗಟ್ಟಿಯಾಗುತ್ತದೆ, ಹುಲ್ಲು ಸಾಯುತ್ತದೆ. ಹಳೆಯ ಹಾದಿ ಬಳಸಿ ಬಳಸಿ ಏರುವುದರಿಂದ ನೀರಿನ ಓಟ ತಗ್ಗುತ್ತದೆ. ನಾವು ಅವಸರಕ್ಕೆ ನೆಟ್ಟಗೆ ಇಳಿದ ಅಡ್ಡದಾರಿಯೋ, ಮಳೆಗಾಲದಲ್ಲಿ ಕಾಲುವೆಯೇ ಆಗಿಬಿಡುತ್ತದೆ. ವರ್ಷ ಕಳೆದಂತೆ ಕೊರಕಲಾಗುತ್ತದೆ. ಅಲ್ಲಿ ಕೆಸರಾಯಿತೆಂದು ಜನ ಪಕ್ಕದ ಹುಲ್ಲು ತುಳಿಯುತ್ತಾರೆ, ಅಲ್ಲೂ ಅದೇ ಕಥೆ. ಇನ್ನೊಮ್ಮೆ ಹೇಳುತ್ತೇನೆ: ತುಳಿದ ಮಣ್ಣು ನೀರು ಕುಡಿಯುವುದಿಲ್ಲ, ಇಂಗದ ನೀರು ಮಣ್ಣನ್ನೇ ಹೊತ್ತೊಯ್ಯುತ್ತದೆ. ಕುಮಾರಪರ್ವತದ ದಾರಿಯಲ್ಲಿ ಸಿಗುವ ಶೇಷಪರ್ವತದ ಏರಿನಲ್ಲಿ ನಾನು ಕಂಡ ಕೊರಕಲಿನ ಅಂಚಿಗೆ ಹುಲ್ಲಿನ ಬೇರುಗಳು ಜೋತಾಡುತ್ತಿದ್ದವು. ಅವು ಹಿಡಿದಿದ್ದ ಮಣ್ಣು ಯಾವತ್ತೋ ಕೊಚ್ಚಿಹೋಗಿತ್ತು.

"ನಾನೊಬ್ಬ ತುಳಿದರೆ ಏನಾದೀತು?" ಎನ್ನಬೇಡಿ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರಪರ್ವತಕ್ಕೆ ಜನ ಮುಗಿಬಿದ್ದರು. ಅರಣ್ಯ ಇಲಾಖೆ ಚಾರಣವನ್ನೇ ಕೆಲಕಾಲ ನಿಲ್ಲಿಸಿ, ಆನ್‌ಲೈನ್ ನೋಂದಣಿಯ ವ್ಯವಸ್ಥೆಗೆ ಹೋಗಬೇಕಾಯಿತು. ಅಲ್ಲಿಗೆ ಬಂದವರೆಲ್ಲ ತಾನೊಬ್ಬನೇ ಎಂದುಕೊಂಡು ಬಂದವರೇ.

ಸಮಯ ಮೀರುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಸಾಲಾಗಿ ನಡೆಯಿರಿ; ಕೆಸರಿದ್ದರೂ ಹಾದಿಯಲ್ಲೇ ನಡೆಯಿರಿ, ಬೂಟನ್ನು ಆಮೇಲೆ ತೊಳೆಯಬಹುದು. ಹೊರಡುವ ಮೊದಲೂ ಬೂಟು ತೊಳೆಯಿರಿ, ಅಂಟಿದ ಮಣ್ಣಿನಲ್ಲಿ ಊರಿನ ಕಳೆಬೀಜ ಬೆಟ್ಟ ಹತ್ತುತ್ತದೆ. ಕೋತಿಗೆ ಹಣ್ಣು ಕೊಟ್ಟರೆ ಪುಣ್ಯವೆಂಬ ನಂಬಿಕೆ ಬಿಡಿ. ತಿನ್ನಿಸಿದ ಕೋತಿ ನಾಳೆ ಊರವರ ತೋಟಕ್ಕೆ, ಅಡುಗೆಮನೆಗೆ ನುಗ್ಗುತ್ತದೆ. ಬೆಟ್ಟದ ಬುಡದ ಮನೆಗಳಲ್ಲಿ ಉಳಿಯಿರಿ, ಮನೆಯವರು ಬಡಿಸಿದ್ದನ್ನು ಉಣ್ಣಿ, ಸ್ಥಳೀಯರನ್ನೇ ದಾರಿ ತೋರಿಸಲು ಕರೆದೊಯ್ಯಿರಿ. ನಾಗಬನ, ದೈವದ ಕಲ್ಲು ಕಂಡರೆ ಫೋಟೋ ತೆಗೆಯುವ ಮುನ್ನ ಅವರನ್ನು ಕೇಳಿ, ಬೇಡವೆಂದರೆ ಬೇಡ. ವಾರಾಂತ್ಯ ಬಿಟ್ಟು ಬೇರೆ ದಿನ ಹೋಗಲು ಸಾಧ್ಯವಾದರೆ ಇನ್ನೂ ಒಳ್ಳೆಯದು.

ಇಷ್ಟರಲ್ಲಿ ಒಂದೇ ಒಂದು ನೆನಪಿಟ್ಟುಕೊಳ್ಳುವುದಾದರೆ, ಅಡ್ಡದಾರಿ ಹಿಡಿಯಬೇಡಿ.